ಹೊಟ್ಟಣ್ಣನ ಚರ್ಮ

ನಮ್ಮ ಯಜಮಾನರ ಮೈ ಮೊದಲಿಂದಲೂ ಒಣ. ಬೆಳಿಗ್ಗೆ ಹಾಸಿಗೆ ಕೊಡವಿದರೆ ಹಿಟ್ಟು ಜರಡಿ ಹಿಡಿದ ಹಾಗೆ ಹೊಟ್ಟು ಉದುರುತ್ತಿತ್ತು. ಕೆಲಸದ ಕಡೆ ಎಲ್ಲರೂ ಹೊಟ್ಟಣ್ಣ ಅನ್ನುತ್ತಿದ್ದರು. ಇವರೂ ನಗುತ್ತಿದ್ದರು.

ಕೆಲಸ, ಪ್ರೋಟೀನ್ ಅಳೆಯುವ ಜಾಗದಲ್ಲಿ. ಸಂಶೋಧನೆಯವರು ಎಲ್ಲೆಲ್ಲಿಂದಲೋ ಬ್ಯಾಕ್ಟೀರಿಯಾ ಕಳಿಸುತ್ತಾರೆ. ಅದನ್ನು ಒಡೆದು, ಒಳಗಿನ ಪ್ರೋಟೀನನ್ನು ಯಂತ್ರಕ್ಕೆ ಕೊಟ್ಟು ಅಳೆಯುತ್ತಾರೆ. ದಿನಕ್ಕೆ ನೂರಾರು. ತೊಂಬತ್ತಾರು ಗುಳಿಯ ತಟ್ಟೆಗೆ ಹನಿ ಹನಿ ತುಂಬುವುದು ಇವರ ಪಾಲಿಗೆ. ಹದಿನೇಳು ವರ್ಷ ಕೈ ನಡುಗಲಿಲ್ಲ.

ಆ ಯಂತ್ರಕ್ಕೆ ಮನುಷ್ಯರ ಚರ್ಮ, ಕೂದಲು ಒಂದು ಚೂರು ಸಿಕ್ಕಿದರೂ ಅದನ್ನೇ ಎತ್ತಿ ತೋರಿಸುತ್ತದೆ. ಹೋದ ವರ್ಷ ತಟ್ಟೆ ಮೇಲೆ ತಟ್ಟೆ ಹಾಗೆ ಕೆಟ್ಟಿತು.

"ಏನು ಹೊಟ್ಟಣ್ಣ, ಬ್ಯಾಕ್ಟೀರಿಯಾ ಅಳೆಯೋಣ ಅಂತ ಕೂತರೆ ದಿನಾ ನಿನ್ನನ್ನೇ ಅಳೆಯೋ ಹಾಗಾಯ್ತಲ್ಲ" ಅಂದ ಮೇಲ್ವಿಚಾರಕ, ಎಲ್ಲರ ಮುಂದೆ.

ಕೆಟ್ಟ ತಟ್ಟೆಗಳಿಗೆ ಒಂದು ಪುಸ್ತಕ ಉಂಟು. ತಾರೀಕು, ನಂಬರು, ಕಾರಣ. ಕಾರಣ ಅಂತ ಇವರ ಹೆಸರು ಬರೆಯಲು ಶುರು ಮಾಡಿದರು.

ಇವರು ತಲೆ ಬೋಳಿಸಿದರು. ಮೀಸೆ ತೆಗೆದರು. ಹುಬ್ಬನ್ನೂ ಬಿಡಲಿಲ್ಲ.

"ಇದೇನ್ರೀ, ಸುಲಿದ ಕೋಳಿ ಹಾಗೆ?" ಅಂದೆ.

"ಆಗೋದಾದ್ರೆ ಚರ್ಮಾನೂ ಸುಲ್ಕೋತಿದ್ದೆ ಕಣೇ."

ಆ ಕೋಳಿ ಮಾತು ಆಡಬಾರದಿತ್ತು ನಾನು.

ಆಮೇಲೆ ಇವರನ್ನು ಕೆಳಗಿನ ಮಹಡಿಗೆ ಹಾಕಿದರು, ಬಾಟಲಿ ತೊಳೆಯಲು. ಬಿಸಿನೀರಿಗೆ ಕೈ ಬಿರಿದು ರಕ್ತ ಬರುತ್ತಿತ್ತು. ಇವರು ತಟ್ಟೆ ಮುಟ್ಟದಿದ್ದರೂ ಮೇಲೆ ತಟ್ಟೆ ಕೆಡುವುದು ನಿಲ್ಲಲಿಲ್ಲ. ಇವನು ತೊಳೆದ ಬಾಟಲಿಯಿಂದ ಬಂತು ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ನಂದಲ್ಲ ಕಣೇ ಅದು" ಅನ್ನುತ್ತಿದ್ದರು ಊಟಕ್ಕೆ ಕೂತು. "ಆ ಪುಸ್ತಕದಿಂದ ಹೆಸರು ಹೋದ್ರೆ ಸಾಕು. ಮತ್ತೆ ತಟ್ಟೆಗೆ ಕೂರಿಸ್ತಾರೆ."

ಒಂದು ದಿನ ಅಲ್ಲೇ ನಲ್ಲಿ ಮುಂದೆ ಬಿದ್ದರು. ಎದೆಬಡಿತ ನಿಂತಿತು. ನೀರು ಹರಿಯುತ್ತಲೇ ಇತ್ತಂತೆ.

ಹತ್ತು ದಿನದ ಮೇಲೆ ಇವರ ಕೋಟು, ಬೀಗದ ಕೈ ಹಿಂತಿರುಗಿಸಲು ಹೋದೆ. ಮೇಜಿನ ಮೇಲೆ ಪುಸ್ತಕ ಇತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕೊನೇ ಸಾಲು ಹಿಂದಿನ ದಿನದ್ದು. ಕಾರಣ, ಇವರ ಹೆಸರು. ಇವರು ಸತ್ತು ಒಂಬತ್ತು ದಿನ ಆಗಿತ್ತು ಅವತ್ತಿಗೆ.

ಮೇಲ್ವಿಚಾರಕ ಒಳಗಿಂದ ಬಂದ. ಬರಿಗೈಯಲ್ಲಿ ಗಡ್ಡ ಕೆರೆಯುತ್ತಿದ್ದ. ಗಡ್ಡದ ಹೊಟ್ಟು ಕರೀ ಅಂಗಿ ಮೇಲೆ ಬಿದ್ದಿತ್ತು.

"ಇದು ಯಾರು ಬರೆದದ್ದು?"

"ಕೈ ಅಭ್ಯಾಸ ಅಮ್ಮಾ. ಹೋದವರಿಗೆ ಇದರಿಂದ ಏನು ನಷ್ಟ?"

"ಹೊಡೆದು ಹಾಕಿ."

"ಹೊಡೆದು ಹಾಕಿದ್ರೆ ಬೇರೆ ಕಾರಣ ಬರೀಬೇಕಾಗತ್ತೆ."

"ನಿಮ್ಮ ಗಡ್ಡ ಅಂತ ಬರೀರಿ."

ಅವನ ಕೈ ಗಡ್ಡದಿಂದ ಇಳಿಯಿತು.

ಮೇಜಿನ ಮೇಲಿದ್ದ ಶಾಯಿ ಪೆನ್ನು ತೆಗೆದು ಇವರ ಹೆಸರಿನ ಪಕ್ಕ ಇವರು ಸತ್ತ ತಾರೀಕು ಬರೆದೆ. ಸೊಟ್ಟಗೆ ಬಂತು.

ಅವನು ಗವಸು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ನಾನು ಮುಟ್ಟಿದ್ದನ್ನೆಲ್ಲ ಒರೆಸಿದ. ಮೇಜು, ಪೆನ್ನು, ಆ ಹಾಳೆ. ನನ್ನ ಶಾಯಿ ಹಸಿಯಾಗಿತ್ತು, ಹೋಯಿತು. ಇವರ ಹೆಸರು ಒಣಗಿತ್ತು. ಉಳಿಯಿತು.