ಎದುರುಗಾಳಿಯ ಅಯ್ಯನವರು

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆದ ಮೇಲೆ ರಸ್ತೆಯಲ್ಲಿ ಲೂಟಿಯ ಅಂಜಿಕೆ ಹೋಗಿ, ಉಮರ್ಗಾದಿಂದ ದಾಳಿಂಬಕ್ಕೆ ಹೋಗಿ ಬರುವ ಸೈಕಲ್ ಶರ್ಯತ್ತು ವರ್ಷಕ್ಕೊಮ್ಮೆ ನಡೆಯತೊಡಗಿತು. ಪ್ರತಿ ಸಲವೂ ಗೆಲ್ಲುತ್ತಿದ್ದವರು ನಮ್ಮ ಮನೆಗೆ ಪೂಜೆಗೆ ಬರುವ ಅಯ್ಯನವರು. ಭಕ್ತರ ಊರೂರಿಗೆ ಸೈಕಲ್ ತುಳಿದು ಗಟ್ಟಿಯಾದ ಕಾಲು ಅವರದು. ಧೋತರದ ಅಂಚು ಸೊಂಟಕ್ಕೆ ಸಿಕ್ಕಿಸಿ ಹ್ಯಾಂಡಲ್ ಮೇಲೆ ಬಾಗಿದರೆ ಊರು ಬರುವವರೆಗೆ ತಲೆ ಎತ್ತುತ್ತಿರಲಿಲ್ಲ. "ಈ ಸಲಾನೂ ನೀವೇ ಏನ್ರೀ?" ಎಂದು ಯಾರು ಕೇಳಿದರೂ "ಗಾಳೀನ ಕೇಳ್ರಿ" ಎನ್ನುತ್ತಿದ್ದರು.

ಒಂದು ವರ್ಷ ಲೋಹಾರಾದ ಮೂವರು ಹುಡುಗರು ಉಪಾಯ ಹೂಡಿದರು. ದಾಳಿಂಬದಿಂದ ಮರಳುವಾಗ ಎದುರುಗಾಳಿ. ಅವರು ಅಯ್ಯನವರ ಬೆನ್ನಿಗೆ ಅಂಟಿಕೊಂಡೇ ಬಂದರು. ಗಾಳಿಯೆಲ್ಲ ಇವರ ಎದೆಗೆ, ಹುಡುಗರು ಮರೆಯಲ್ಲಿ. ನಮ್ಮ ಹೊಲದ ಹತ್ತಿರ ಅಯ್ಯನವರು ಇಳಿದು, ಬಾವಿಕಟ್ಟೆಯಲ್ಲಿದ್ದ ನನ್ನನ್ನು ನೀರು ಕೇಳಿದರು. ಮುಂದೆ ಹೋಗುವ ಧೈರ್ಯವಿಲ್ಲದೆ ಹುಡುಗರೂ ಇಳಿದು ನಿಂತರು.

"ಮುಂದ ನೀವ ನಡೀರಪಾ. ಗಾಳಿ ಹ್ಯಾಂಗಿರ್ತದ ನಿಮಗೂ ತಿಳೀಲಿ."

ಇಬ್ಬರು ನೆಲ ನೋಡಿದರು. ಮೂರನೆಯವನು, ಒಬ್ಬ ದರ್ಜಿ, ಹೊರಟೇಬಿಟ್ಟ. ಅಯ್ಯನವರು ನೀರು ಕುಡಿದು ಬೆನ್ನಟ್ಟಿದರೂ ಅವನು ಸಿಗಲಿಲ್ಲ.

ಮರುದಿನ ಪೂಜೆಗೆ ಬಂದಾಗ ಕೇಳಿದೆ: "ಬ್ಯಾಸರ ಆತೇನ್ರೀ, ಅಯ್ನೋರ?"

"ಆತು. ರಾತ್ರಿ ಊಟಾ ಸೇರ್ಲಿಲ್ಲ. ಆದ್ರ ಅಂವಾ ಗಾಳಿಗಿ ಎದಿ ಕೊಟ್ಟು ಹೋಗ್ಯಾನ. ಅಂಥಾಂವ ಗೆದ್ರ ತಪ್ಪೇನದ?"

ಮುಂದಿನ ವರ್ಷ ಮತ್ತೆ ಅಯ್ಯನವರೇ ಗೆದ್ದರು. ದಾಳಿಂಬದಿಂದ ದಾರಿಯುದ್ದಕ್ಕೂ ಆ ದರ್ಜಿಯ ಹಿಂದೆಯೇ ಅಂಟಿಕೊಂಡು ಬಂದು, ಉಮರ್ಗಾದ ಅಗಸಿಬಾಗಿಲು ಕಂಡ ಮೇಲೆ ಅವನನ್ನು ದಾಟಿದ್ದರು. ಸೈಕಲ್ ಇಳಿದವರೇ ಅವನ ಹೆಗಲ ಮೇಲೆ ಕೈಯಿಟ್ಟು, ಏದುಸಿರಿನಲ್ಲೇ ಹೇಳಿದರು:

"ನಿನ್ನ ಬೆನ್ನು ಭಾಳ ಅಗಲ ಅದ, ತಮ್ಮಾ."