ಶನಿವಾರದ ಖಾಲಿ ಹೊಟ್ಟೆ

ನಮ್ಮ ಬೀದಿಯ ಟೈಲರಣ್ಣ ಸುಳ್ಳೇ ಹೇಳುತ್ತಿರಲಿಲ್ಲ ಎಂದರೆ ಅದೇ ದೊಡ್ಡ ಸುಳ್ಳಾದೀತು. "ನಾಳೆ ಬನ್ನಿ, ರೆಡಿ ಇರುತ್ತೆ" ಎಂದು ಬಂದವರಿಗೆಲ್ಲ ಹೇಳಿ ಕಳಿಸುತ್ತಿದ್ದ. ಅವನ ನಾಳೆ ಎಂದು ಬರುತ್ತದೆ ಎನ್ನುವುದು ಎದುರಿಗೇ ಗುಂಡಿ, ದಾರದ ಅಂಗಡಿ ಇಟ್ಟುಕೊಂಡಿರುವ ನನಗೂ ಗೊತ್ತಾಗುತ್ತಿರಲಿಲ್ಲ. ಜಗಳಕ್ಕೆಂದು ಬಂದವರು ನಗುತ್ತಾ ಹೋಗುತ್ತಿದ್ದರು. ಅಂಥ ಬಾಯಿ ಅವನದು. ಕೈಯೂ ಅಷ್ಟೇ ಚೆನ್ನ: ಅವನು ಹೊಲಿದದ್ದರಲ್ಲಿ ಬಟ್ಟೆ ಹರಿಯುತ್ತಿತ್ತೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ.

ಅಂಗಡಿ ಎಂದರೆ ಒಂದೇ ಕೋಣೆ. ಬಾಗಿಲ ಬೆಳಕಿಗೆ ತುಳಿಯುವ ಮಿಷನ್ನು, ಗೋಡೆಗೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ತುಂಡು ಬಟ್ಟೆಗಳ ರಾಶಿ. ಹಿಂದೊಂದು ಪರದೆ. ಪರದೆಯ ಆಚೆಗೆ ಒಲೆ, ಮಂಚ, ಸಂಸಾರ. ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಮಾತಿಗೆ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮಿಷನ್ನಿಗೆ ಮೋಟರು ಹಾಕಿಸಿ ಎಂದು ಅತ್ತಿಗೆ ವರ್ಷಗಟ್ಟಲೆ ಹೇಳಿದರು, ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಚಪ್ಪಲಿ ಹಾಕಿಕೊಂಡೂ ತುಳಿಯುತ್ತಿರಲಿಲ್ಲ, ಬರಿಗಾಲೇ ಆಗಬೇಕು. "ಅಂಗಾಲಿಗೆ ಗೊತ್ತಾಗುತ್ತೆ ತಂಗೀ, ದಾರ ಎಲ್ಲಿ ಬಿಗೀತು, ಎಲ್ಲಿ ಸಡಿಲ ಆಯ್ತು ಅಂತ" ಎನ್ನುತ್ತಿದ್ದ.

ಅಳತೆ ತೆಗೆಯುವಾಗ ಅವನದೊಂದು ಪದ್ಧತಿ ಇತ್ತು. ಟೇಪು ಸೊಂಟಕ್ಕೆ ಬಂದ ಕೂಡಲೇ ಎಂಥವರೂ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅವನು ಹವಾಮಾನದ್ದೋ ಬಸ್ಸಿನದ್ದೋ ಏನಾದರೂ ಕೇಳುತ್ತಿದ್ದ. ಅವರು ಉತ್ತರ ಕೊಡಲು ಬಾಯಿ ತೆರೆದಾಗ ಉಸಿರು ಹೊರಗೆ, ಹೊಟ್ಟೆಯೂ ಹೊರಗೆ. ಆಗ ಅಳೆಯುತ್ತಿದ್ದ. "ಟೇಪಿಗೆ ಮೋಸ ಮಾಡಿದ್ರೆ ಪ್ಯಾಂಟು ಬಿಡುತ್ತಾ?" ಎಂದು ಅವರು ಹೋದಮೇಲೆ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ.

ಅವನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಮಾತ್ರೆಗಳು ಇದ್ದವು, ನೆನಪಾದಾಗ ನುಂಗುತ್ತಿದ್ದ. ಟೀಗೆ ಸಕ್ಕರೆ ಮಾತ್ರ ಮರೆಯದೆ ಹಾಕಿಕೊಳ್ಳುತ್ತಿದ್ದ.

ಆ ವರ್ಷ ಹತ್ತಿರದ ಕಾಲೇಜಿನವರು ಮನೆ ಮನೆಯ ಆರೋಗ್ಯ ನೋಡಿಕೊಳ್ಳುವ ಸೇವಾ ಕಾರ್ಯಕ್ರಮ ಶುರು ಮಾಡಿದರು. ಡಾಕ್ಟರ್ ಓದುವ ಮಕ್ಕಳೇನಲ್ಲ. ಸಾಮಾನ್ಯ ಡಿಗ್ರಿ ಓದುವವರೇ. ಬಿ.ಪಿ. ನೋಡುವುದು, ಬೆರಳು ಚುಚ್ಚಿ ಶುಗರ್ ನೋಡುವುದು ಇಷ್ಟನ್ನು ಕಲಿಸಿ, ಒಬ್ಬೊಬ್ಬರಿಗೆ ಕೆಲವು ಮನೆ ಕೊಟ್ಟಿದ್ದರು. ಪ್ರತಿ ಶನಿವಾರ ಬರಬೇಕು, ನಂಬರನ್ನು ತಮ್ಮ ಮೇಡಂಗೆ ಒಪ್ಪಿಸಬೇಕು. ಎರಡು ಮೂರು ವಾರ ಸತತವಾಗಿ ಹೆಚ್ಚು ಕಂಡರೆ ಆಸ್ಪತ್ರೆಗೆ ಕಳಿಸಿ ಔಷಧಿ ಬದಲಾಯಿಸುವ ಏರ್ಪಾಡು. ಟೈಲರಣ್ಣನ ಮನೆ ಸಿಕ್ಕಿದ್ದು ದಪ್ಪ ಕನ್ನಡಕದ ಒಬ್ಬ ಹುಡುಗಿಗೆ. ಮೊದಲ ದಿನ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ, ಅವನೇ ಸೂಜಿ ಇಸಿದುಕೊಂಡು ಬೆರಳು ಚುಚ್ಚಿಕೊಂಡ. "ಸೂಜಿ ನಮ್ಮ ಮನೆ ದೇವರು, ಡಾಕ್ಟ್ರಮ್ಮ. ಹೆದರಬೇಡ" ಎಂದ.

ನಂಬರು ಬಂದಾಗ ಹುಡುಗಿಯ ಮುಖ ಬಾಡಿತು. ಅಷ್ಟು ಹೆಚ್ಚಿತ್ತು. ಅವನನ್ನು ಹೆದರಿಸಬಾರದು ಎಂದೋ ಏನೋ, ನಗುತ್ತಾ ಅಂದಳು: "ಅಂಕಲ್, ಇದು ಇಳೀದಿದ್ರೆ ನನ್ನನ್ನ ಫೇಲ್ ಮಾಡ್ತಾರೆ ನೋಡಿ!"

ಆಡಿದ ಮಾತು ಅಷ್ಟೇ. ಅವಳು ಅದನ್ನು ಬೀದಿಯ ತಿರುವಿನಲ್ಲೇ ಮರೆತಿರಬೇಕು. ಅವನು ಮರೆಯಲಿಲ್ಲ.

ಮುಂದಿನ ಶನಿವಾರ ಟೈಲರಣ್ಣ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂತ. ಹಿಂದಿನ ಸಂಜೆಯಿಂದಲೇ ಊಟವಿಲ್ಲ, ಬೆಳಗ್ಗೆ ಟೀ ಇಲ್ಲ. ಆ ವಾರ ಮರೆತಿದ್ದ ಮಾತ್ರೆಗಳಲ್ಲಿ ಒಂದನ್ನು ಅವತ್ತಿನ ಮಾತ್ರೆಯ ಜೊತೆ ಸೇರಿಸಿ ನುಂಗಿದ. ಮಧ್ಯಾಹ್ನ ಹುಡುಗಿ ಬಂದಾಗ, ಬೇರೆ ದಿನ ಗಂಟೆಗೊಮ್ಮೆ ಬನ್ನು ಮೆಲ್ಲುತ್ತಿದ್ದ ಬಾಯಿ ಒಣಗಿತ್ತು, ನಂಬರು ಇಳಿದಿತ್ತು. ಅವಳು ಕುಣಿದಾಡಿದಳು. ಅವಳು ಬೀದಿ ದಾಟುವವರೆಗೂ ಅವನು ಕೈ ಬೀಸಿ, ಒಳಗೆ ಹೋಗಿ ಎರಡು ಹೊತ್ತಿನ ಊಟವನ್ನು ಒಂದೇ ಸಲಕ್ಕೆ ಉಂಡನಂತೆ. ಅತ್ತಿಗೆ ರೇಗಿದ್ದಕ್ಕೆ, "ಪಾಪ, ನಮ್ಮ ಮನೆ ದೆಸೆಯಿಂದ ಒಂದು ಹೆಣ್ಣುಮಗು ಫೇಲಾಗ್ಬೇಕೇನೇ?" ಎಂದನಂತೆ. ಇದನ್ನೆಲ್ಲ ಅತ್ತಿಗೆ ನನಗೆ ಹೇಳಿದ್ದು ಎಲ್ಲ ಕೈಮೀರಿದ ಮೇಲೆ. ಶನಿವಾರ ನಾನು ಟೀ ಕಳಿಸಿದರೆ ವಾಪಸ್ಸು ಬರುತ್ತಿತ್ತು. ಅಣ್ಣನಿಗೆ ಈ ವಯಸ್ಸಿನಲ್ಲಿ ಭಕ್ತಿ ಹತ್ತಿದೆ ಎಂದು ನಾನು ಗೇಲಿ ಮಾಡಿದರೆ ಹೌದೌದು ಎಂದು ತಲೆಯಾಡಿಸುತ್ತಿದ್ದ.

ಹೀಗೇ ನಡೆಯಿತು. ವಾರವೆಲ್ಲ ಬಾಯಿಗೆ ಬಂದದ್ದು, ಶನಿವಾರ ಉಪವಾಸ. ದಿನವೂ ಅಳತೆಗೆ ನಿಂತವರ ಹೊಟ್ಟೆಯ ಸುಳ್ಳನ್ನು ಹಿಡಿಯುತ್ತಿದ್ದವನು, ತನ್ನ ಸರದಿ ಬಂದಾಗ ಉಸಿರು ಬಿಗಿಹಿಡಿದು ನಿಂತ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಳು. ಕಾಲೇಜಿನಲ್ಲಿ ಮೇಡಂ ನಂಬರು ನೋಡಿ, ಔಷಧಿ ಹಿಡಿದಿದೆ, ಬದಲಾಯಿಸುವುದು ಬೇಡ ಎಂದರಂತೆ. ಅವರಾದರೂ ಏನು ಮಾಡಿಯಾರು?

ಕಾಲು ನೋಡಬೇಕು ಎಂದು ಹುಡುಗಿಗೆ ಹೇಳಿಕೊಟ್ಟಿದ್ದರು. ಅವಳು ಕೇಳುತ್ತಲೂ ಇದ್ದಳು. ಅದೊಂದಕ್ಕೆ ಮಾತ್ರ ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಮಗಳಂಥವಳ ಕೈಲಿ ಕಾಲು ಹಿಡಿಸ್ಕೊಳ್ಳೋದಾ? ಬಿಡ್ತು ಅನ್ನು" ಎಂದು ಪಾದಗಳನ್ನು ಮಿಷನ್ನಿನ ಕೆಳಗೆ ಎಳೆದುಕೊಳ್ಳುತ್ತಿದ್ದ.

ಆ ಪಾದಗಳಲ್ಲಿ ಅರಿವೇ ಸತ್ತಿತ್ತು. ದಾರದ ಬಿಗಿ ತಿಳಿಯುತ್ತದೆ ಎಂದುಕೊಂಡವನಿಗೆ ಕಾಲಲ್ಲಿ ಗುಂಡುಪಿನ್ನು ಹೊಕ್ಕು ಮುರಿದದ್ದು ತಿಳಿಯಲಿಲ್ಲ. ಕಾಲು ಊದಿದಾಗ ಚಪ್ಪಲಿ ಕಚ್ಚಿದೆ ಎಂದುಕೊಂಡು ತುಂಡು ಬಟ್ಟೆ ಸುತ್ತಿದ. ವಾಸನೆ ಬಂದಾಗ ಅತ್ತಿಗೆ ಮೇಜಿನ ಕೆಳಗಿನ ರಾಶಿಯಲ್ಲಿ ಇಲಿ ಸತ್ತಿದೆ ಎಂದು ರಾಶಿಯನ್ನೆಲ್ಲ ಹೊರಗೆ ಹಾಕಿ ಹುಡುಕಿದರು. ಇಲಿ ಸಿಗಲಿಲ್ಲ. ಒಂದು ಬೆಳಗ್ಗೆ ಜ್ವರದಲ್ಲಿ ಬಡಬಡಿಸುತ್ತಾ ಮಿಷನ್ನಿನ ಮೇಲೆಯೇ ಒರಗಿದ. ನಾನೇ ಅಂಗಡಿ ಬಾಗಿಲೆಳೆದು ಆಟೋ ತಂದೆ.

ಆಸ್ಪತ್ರೆಗೆ ಹುಡುಗಿ ಕಾಲೇಜಿನಿಂದ ಓಡಿ ಬಂದಳು. ಡಾಕ್ಟರು ರಕ್ತಪರೀಕ್ಷೆ ನೋಡಿ ನಮ್ಮನ್ನು ಪಕ್ಕಕ್ಕೆ ಕರೆದು, ಸಕ್ಕರೆ ತಿಂಗಳುಗಟ್ಟಲೆ ಮಿತಿಮೀರಿ ಇದೆ, ನಂಜು ಏರಿದೆ, ಮೊಣಕಾಲ ಕೆಳಗೆ ತೆಗೆಯಬೇಕು, ತೆಗೆದರೂ ಭರವಸೆ ಕೊಡಲಾರೆ ಎಂದರು.

"ಇಲ್ಲ ಡಾಕ್ಟ್ರೇ" ಎಂದಳು ಹುಡುಗಿ. "ನಾನೇ ವಾರವಾರ ನೋಡಿದೀನಿ. ಚೆನ್ನಾಗೇ ಇತ್ತು."

ಆಗ ಅತ್ತಿಗೆ ಬಾಯಿಬಿಟ್ಟರು. ಹುಡುಗಿ ಕೇಳುತ್ತಾ ಕೇಳುತ್ತಾ ತಾನು ಬರೆದಿಟ್ಟ ನಂಬರುಗಳ ಮೇಲೆ ಒಂದೊಂದಾಗಿ ಬೆರಳು ಆಡಿಸಿದಳು. ಬೈಯೋಣವೆಂದರೆ ಯಾರನ್ನು ಬೈಯುವುದು?

ಕಾಲು ತೆಗೆದ ಮೇಲೆ ಅವನಿಗೆ ಒಂದು ಸಂಜೆ ಎಚ್ಚರವಾಯಿತು. ಹುಡುಗಿಯನ್ನು ಕಂಡು ಕಣ್ಣರಳಿಸಿದ. ಮಾತು ಪಿಸುಗುಟ್ಟಿದ ಹಾಗಿತ್ತು.

"ನಿಮ್ಮ ಮೇಡಂಗೆ ನಾನೇ ಹೇಳ್ತೀನಮ್ಮ. ಇವಳದ್ದೇನೂ ತಪ್ಪಿಲ್ಲ, ಮಾರ್ಕ್ಸು ಕಳೀಬೇಡಿ ಅಂತ."

ಹುಡುಗಿ ಅವನ ಕೈ ಹಿಡಿದುಕೊಂಡಳು. "ಮಾರ್ಕ್ಸೇ ಇಲ್ಲ ಅಂಕಲ್. ಅದಕ್ಕೆ ಪಾಸು ಫೇಲು ಏನೂ ಇಲ್ಲ. ಅವತ್ತು ಸುಮ್ನೆ ತಮಾಷೆಗಂದೆ."

ಅವನು ಅವಳ ಕೈಯನ್ನು ತಟ್ಟಿ, "ಹಂಗಾದ್ರೆ ಫೇಲಾಗಲ್ಲ. ಒಳ್ಳೇದೇ ಆಯ್ತು ಬಿಡು" ಎಂದ. ಅವಳು ಅಳುತ್ತಾ ಹೊರಗೆ ಹೋದಳು. ಅದೇ ವಾರ ನಂಜು ಮೈಗೆಲ್ಲ ಏರಿ ಟೈಲರಣ್ಣ ಹೋದ. ಬೀದಿಯಲ್ಲಿ ಅರ್ಧಕ್ಕರ್ಧ ಜನ ಅವನು ಹೊಲಿದ ಬಟ್ಟೆಯಲ್ಲೇ ಅವನನ್ನು ಕಳಿಸಲು ಬಂದಿದ್ದರು.

ಹುಡುಗಿ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಕೆಲವು ವಾರ ಬರಲೂ ಇಲ್ಲ. ಒಂದು ಶನಿವಾರ ನೋಡಿದರೆ ಬೀದಿಯ ಈ ಬದಿಯಲ್ಲಿ, ನನ್ನ ಅಂಗಡಿ ಮುಂದೆ, ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದಾಳೆ. ದಾಟಲು ಧೈರ್ಯವಿಲ್ಲ, ತಿರುಗಿ ಹೋಗಲು ಕಾಲು ಬರುತ್ತಿಲ್ಲ. ನಾನು ಹೋಗಿ ಕೈ ಹಿಡಿದು ಟೈಲರಣ್ಣನ ಅಂಗಡಿಗೆ ಕರೆದೊಯ್ದೆ.

ಅತ್ತಿಗೆ ಮೇಜಿನ ಪಕ್ಕ ಕೂತಿದ್ದರು. ಅವರಿಗೂ ಸಕ್ಕರೆ ಇರಬಹುದು, ಒಮ್ಮೆ ನೋಡೋಣ ಎಂದು ಹುಡುಗಿ ಹಿಂದೆ ಎಷ್ಟೋ ಸಲ ಕೇಳಿದ್ದಳು. ನನಗೇನಾಗಿದೆ ಧಾಡಿ ಎಂದು ಅವರು ತಳ್ಳಿಹಾಕುತ್ತಿದ್ದರು. ಈಗ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈದು ಅಟ್ಟುತ್ತಾರೇನೋ ಎಂದು ನಾನು ಹುಡುಗಿಯ ಕೈ ಬಿಡಲಿಲ್ಲ. ಅತ್ತಿಗೆ ಸೆರಗಿನಿಂದ ಬೆರಳು ಒರೆಸಿ ಅವಳ ಮುಂದೆ ಚಾಚಿದರು.

"ಬೆಳಗ್ಗೆ ತಿಂದಿದೀನಿ. ಈಗ ಊಟಾನೂ ಮಾಡಿದೀನಿ, ಹೊಟ್ಟೆ ತುಂಬಾ" ಎಂದರು. "ಚುಚ್ಚು. ಎಷ್ಟು ಬರುತ್ತೋ ಅಷ್ಟನ್ನೇ ಹೇಳು."