ಮೂರನೇ ಸೆಲ್‌ನಲ್ಲಿದ್ದ ನನ್ನ ಮುತ್ತಜ್ಜ

ಇದನ್ನು ನೀವು ನಂಬುವುದಿಲ್ಲ. ಹೇಳುತ್ತಿರುವವನು ನಾನಾದ್ದರಿಂದ ಇನ್ನೂ ನಂಬುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ, ಮಂಗಳೂರಿನಲ್ಲಿ ಮ್ಯೂಸಿಯಂ ಆಗಿರುವ ಒಂದು ಹಳೆಯ ಪುಟ್ಟ ಜೈಲಿನಲ್ಲಿ ನಾನು ಹಿರಿಯ ಗೈಡ್ ಆಗಿದ್ದೆ. ಪ್ರಾಯ ಹದಿನಾರು. ಹಿರಿಯ ಎಂದರೆ, ಇನ್ನೊಬ್ಬ ಗೈಡ್ ಸಫ್ವಾನ್‌ಗಿಂತ ನಾಲ್ಕು ದಿನ ಮೊದಲು ಸೇರಿದವನು.

ಗೈಡ್ ಕೆಲಸ ಸುಲಭವಲ್ಲ. ಸೆಲ್‌ನ ಕಬ್ಬಿಣದ ಬಾಗಿಲು ನಾನು ಸೇರಿದ ದಿನ ನೂರು ಕಿಲೋ ಇತ್ತು. ಮೂರನೇ ವಾರಕ್ಕೆ ನನ್ನ ಬಾಯಲ್ಲಿ ಆರುನೂರು ಮುಟ್ಟಿತು. ನನ್ನ ಕಥೆಯಲ್ಲಿ ಆ ಕಾಲದ ಬ್ರಿಟಿಷ್ ಜೈಲರನ ಮೀಸೆಯ ಮೇಲೆ ಎರಡು ಕಾಗೆ ಕೂರುತ್ತಿದ್ದವು. ಜನ ನಗುತ್ತಿದ್ದರು.

ಸಫ್ವಾನ್‌ಗೆ ತಮಾಷೆಯೇ ಬಾರದು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೈದಿಗಳ ರಿಜಿಸ್ಟರಿನ ಒಂದು ಹೆಸರಿಗೆ ಬೆರಳು ತೋರಿಸಿ, "ಇವರು ನನ್ನ ಅಜ್ಜನ ಅಪ್ಪ. ಬ್ರಿಟಿಷರ ವಿರುದ್ಧ ಭಾಷಣ ಮಾಡಿ ಮೂರನೇ ಸೆಲ್‌ಗೆ ಬಂದದ್ದು" ಎನ್ನುತ್ತಿದ್ದ, ಅಷ್ಟೇ. ಜನ ಸಾಲುಗಟ್ಟಿ ಅವನೊಂದಿಗೆ ಸೆಲ್ಫಿ ತೆಗೆಯುತ್ತಿದ್ದರು. ನನಗೆ ಹೊಟ್ಟೆ ಉರಿದು ಬೂದಿಯಾಯಿತು. ನಮ್ಮ ವಂಶದಲ್ಲೂ ಒಬ್ಬನಾದರೂ ಜೈಲಿಗೆ ಹೋಗಬಾರದಿತ್ತೇ ಎಂದು ಚರ್ಚಿನಲ್ಲಿ ಮೊಣಕಾಲೂರಿ ದೇವರನ್ನು ಕೇಳಿದ್ದೇನೆ.

ರಜೆಯ ಕೊನೆಯ ಆದಿತ್ಯವಾರ ಮ್ಯೂಸಿಯಂ ನೋಡಿಕೊಳ್ಳುವ ಲಲಿತಾ ಮೇಡಂ ಹೇಳಿದರು: "ರಜೆ ಮುಗಿದ ಮೇಲೆ ಆದಿತ್ಯವಾರಕ್ಕೆ ಒಬ್ಬ ಗೈಡ್ ಸಾಕು. ಇವತ್ತು ಇಬ್ರೂ ಮಾತಾಡಿ, ನೋಡ್ತೇನೆ."

ಮೂರನೇ ಸೆಲ್‌ನ ಮುಂದೆ ನಲವತ್ತು ಮಂದಿ. ಸಫ್ವಾನ್ ಮುಗಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನಾನು ಮೈಕ್ ಹಿಡಿದೆ.

"ಇದೇ ಸೆಲ್‌ನಲ್ಲಿ ನನ್ನ ಮುತ್ತಜ್ಜನೂ ಇದ್ರು. ಹನ್ನೊಂದು ವರ್ಷ. ಚಮಚದಲ್ಲಿ ಪಣಂಬೂರು ಬೀಚಿನವರೆಗೆ ಸುರಂಗ ಕೊರೆದ್ರು."

"ಎಂತ ಮಾರಾಯ, ನಿನ್ನೆವರೆಗೆ ಹೇಳ್ಲೇ ಇಲ್ಲ?" ಎಂದ ಸಫ್ವಾನ್.

"ನಮ್ದು ಪಬ್ಲಿಸಿಟಿ ಇಲ್ಲದ ಫ್ಯಾಮಿಲಿ."

"ರಿಜಿಸ್ಟರಿನಲ್ಲಿ ಹೆಸರು ಉಂಟಾ?" ಮೇಡಂ ಕೇಳಿದರು.

"ಸುರಂಗದಲ್ಲಿ ಹೋಗುವವರು ಸಹಿ ಹಾಕಿ ಹೋಗ್ತಾರಾ ಮೇಡಂ?"

ಒಬ್ಬರು ಅಜ್ಜಿ ಕಣ್ಣೊರೆಸಿಕೊಂಡರು. ಮೇಡಂ ಪೆನ್ನು ತೆಗೆದರು. ಕೆಲಸ ನನಗೇ ಎಂದುಕೊಂಡೆ.

ಸುಳ್ಳು ಹೇಳುವ ಮೊದಲು ಬಾಗಿಲ ಕಡೆ ನೋಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದೊಂದೇ. ಅಲ್ಲಿ ಮಮ್ಮಿ ಬಂದು ನಿಂತಿದ್ದರು, ಆಸ್ಪತ್ರೆಯ ಡ್ಯೂಟಿ ಮುಗಿಸಿ, ನರ್ಸ್ ಯೂನಿಫಾರ್ಮಿನಲ್ಲೇ.

"ರೋಶನ್, ಮುತ್ತಜ್ಜ ಇಲ್ಲಿಗೆ ಬರ್ತಿದ್ದದ್ದು ಹೌದು," ಇಂಜೆಕ್ಷನ್ ಕೊಡುವ ಮೊದಲಿನ ಆ ತಣ್ಣನೆಯ ದನಿಯಲ್ಲಿ ಹೇಳಿದರು. "ದಿನಾ ಬೆಳಿಗ್ಗೆ, ನಮ್ಮ ಬೇಕರಿಯಿಂದ ಜೈಲರ್ ದೊರೆಗೆ ಬಿಸಿ ಪಾವು ಕೊಡ್ಲಿಕ್ಕೆ. ಗೇಟಿಂದ ಒಳಗೆ ಒಂದು ದಿನವೂ ಬಿಟ್ಟಿಲ್ಲ ಅವರನ್ನು. ಈಗ ಆ ಮೈಕ್ ಸಫ್ವಾನ್‌ಗೆ ಕೊಡು, ಮನೆಗೆ ನಡಿ."